ನೋಡ್ ಜೆಎಸ್ (ಜಾವಾಸ್ಕ್ರಿಪ್ಟ್ ಪ್ರೋಗ್ರಾಂ ಓಡಿಸುವ ತಂತ್ರಾಂಶ) ಇಳಿಸಲು ಹೋದರೆ ಇಷ್ಟೊಂದು ಆಯ್ಕೆ, ಯಾವುದನ್ನು ಒತ್ತಬೇಕು?

ಕಲಬುರಗಿಯಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ, ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಇದೆ ಎಂದಿದ್ದೀರಿ. ಹಾಗಾದರೆ ಎಲ್‌ಟಿಎಸ್ ಎಂದು ಬರೆದಿರುವುದನ್ನೇ ತೆಗೆದುಕೊಳ್ಳಿ, ಅದರಲ್ಲೂ ಎಂಎಸ್‌ಐ ಫೈಲ್, ಅಂದರೆ ವಿಂಡೋಸ್‌ನಲ್ಲಿ ನೇರವಾಗಿ ಇನ್‌ಸ್ಟಾಲ್ ಆಗುವ ಫೈಲ್.

ಎಲ್‌ಟಿಎಸ್ ಅಂದರೆ ಜಾಸ್ತಿ ದಿನ ನೋಡಿಕೊಳ್ಳುವ ಆವೃತ್ತಿ. ದೊಡ್ಡ ದೋಷಗಳಿಗೆ ಒಟ್ಟು 30 ತಿಂಗಳು ರಿಪೇರಿ ಸಿಗುತ್ತದೆ. ನೋಡ್‌ನ 18, 20, 22ನೇ ಆವೃತ್ತಿಗಳೆಲ್ಲ ಹೀಗೇ ಬಂದವು. ಕರೆಂಟ್ (ತೀರಾ ಹೊಸ ಆವೃತ್ತಿ) ಎಂದಿರುವುದರಲ್ಲಿ ಹೊಸ ಸೌಲಭ್ಯ ಮೊದಲು ಬರುತ್ತವೆ ನಿಜ. ಆದರೆ ನೀವು ಬಳಸುವ ಪ್ಯಾಕೇಜು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಅದಕ್ಕೆ ಇನ್ನೂ ಹೊಂದಿಕೊಳ್ಳದೆ ಇರಬಹುದು. ಕಲಿಯುವಾಗ ಆ ತಲೆನೋವು ಯಾಕೆ, ಅಲ್ವಾ?

ಜಿಪ್ ಫೈಲ್ ಆದರೆ ಪಾತ್ (ನೋಡ್ ಯಾವ ಫೋಲ್ಡರಿನಲ್ಲಿದೆ ಎಂದು ವಿಂಡೋಸ್‌ಗೆ ತಿಳಿಸುವ ಸೆಟ್ಟಿಂಗ್) ನೀವೇ ಸೇರಿಸಬೇಕು. ಎಂಎಸ್‌ಐ ತಾನೇ ಸೇರಿಸುತ್ತದೆ. ಸೋರ್ಸ್ ಕೋಡ್ ಬೇಡವೇ ಬೇಡ.

ಒಂದು ಮಾತು ಮಾತ್ರ ನೆನಪಿಡಿ. ಇನ್‌ಸ್ಟಾಲ್ ಆಗುವಾಗ 'ಬೇಕಾದ ಟೂಲ್ಸ್ ತಾನೇ ಹಾಕಲಿ' ಎಂಬ ಅರ್ಥದ ಟಿಕ್ ಬಾಕ್ಸ್ ಬರುತ್ತದೆ. ಖಾಲಿ ಬಿಡಿ. ಟಿಕ್ ಮಾಡಿದರೆ ಪೈಥಾನ್, ವಿಷುವಲ್ ಸ್ಟುಡಿಯೋ ಬಿಲ್ಡ್ ಟೂಲ್ಸ್ ಎಲ್ಲ ಸುಮ್ನೆ ಇಳಿಯುತ್ತವೆ. ಸೇಡಂ ರಸ್ತೆಯ ನಮ್ಮ ರೂಮಿನಲ್ಲಿ ಜೂನಿಯರ್ ಒಬ್ಬ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಹೀಗೆ ಮಾಡಿ ಅವತ್ತಿನ ಡೇಟಾ ಪೂರ್ತಿ ಕಳೆದುಕೊಂಡ. ಪಾಪ, ಮರುದಿನ ಅವನ ಪ್ರಾಜೆಕ್ಟ್ ಇತ್ತು.

ಮುಗಿದ ಮೇಲೆ ಕಮಾಂಡ್ ಪ್ರಾಂಪ್ಟ್ ಹೊಸದಾಗಿ ತೆರೆಯಿರಿ. 'ನೋಡ್', ಒಂದು ಸ್ಪೇಸ್, ಅಡ್ಡಗೆರೆ, 'ವಿ' ಎಂದು ಇಂಗ್ಲಿಷಿನಲ್ಲಿ (node -v) ಟೈಪ್ ಮಾಡಿ ಎಂಟರ್ ಒತ್ತಿ. ಆವೃತ್ತಿ ಸಂಖ್ಯೆ ಕಂಡರೆ ಆಯ್ತು.