ಸೆಸ್ನಾ 152 ಎಂಬ ಎರಡು ಆಸನದ ಪುಟ್ಟ ವಿಮಾನದಲ್ಲಿ ಥ್ರಾಟಲ್ (ಎಂಜಿನ್ ಶಕ್ತಿ ಹೆಚ್ಚು-ಕಡಿಮೆ ಮಾಡುವ ಹಿಡಿ) ಮುಟ್ಟದಿದ್ದರೂ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸಂಖ್ಯೆ) ಇಳಿಯುವುದೇಕೆ? ಆಗ ಏನು ಮಾಡಬೇಕು?

ಹವೆಯಲ್ಲಿ ತೇವ ಹೆಚ್ಚಿದ್ದರೆ ಮೊದಲ ಅನುಮಾನ ಇಂಧನ-ಗಾಳಿ ಬೆರೆಸುವ ಭಾಗವಾದ ಕಾರ್ಬ್ಯುರೇಟರ್‌ನಲ್ಲಿ ಕಟ್ಟುವ ಮಂಜುಗಡ್ಡೆಯ ಮೇಲಿರಲಿ. ಹೊರಗೆ 20–25 ಡಿಗ್ರಿ ಸೆಲ್ಸಿಯಸ್ ಇದ್ದಾಗಲೂ ಇದು ಆಗುತ್ತದೆ. ಇಂಧನ ಆವಿಯಾಗುವಾಗ ಶಾಖ ಹೀರುತ್ತದೆ, ಅದರ ಕಿರಿದಾದ ಗಾಳಿ ಹಾದಿಯಾದ ವೆಂಚುರಿಯಲ್ಲಿ ಗಾಳಿಯ ಒತ್ತಡವೂ ಕುಸಿಯುತ್ತದೆ. ಒಳಗಿನ ಗಾಳಿ 20 ಡಿಗ್ರಿಗೂ ಹೆಚ್ಚು ತಣ್ಣಗಾಗಿ ಥ್ರಾಟಲ್ ಕವಾಟದ ಸುತ್ತ ಹಿಮ ಕೂರುತ್ತದೆ. ಥ್ರಾಟಲ್ ತಗ್ಗಿಸಿ ಇಳಿಯುವಾಗ ಅಪಾಯ ಹೆಚ್ಚು.

ಕಾರ್ಬ್ಯುರೇಟರ್‌ಗೆ ಬಿಸಿಗಾಳಿ ಬಿಡುವ ಕಾರ್ಬ್ ಹೀಟ್ ಗುಂಡಿಯನ್ನು ಪೂರ್ತಿ ಎಳೆಯಿರಿ, ಅರ್ಧಂಬರ್ಧ ಬೇಡ. ಬಿಸಿಗಾಳಿ ತೆಳು, ಜೊತೆಗೆ ಕರಗಿದ ನೀರು ಸಿಲಿಂಡರಿಗೆ ಹೋಗುತ್ತದೆ. ಹಾಗಾಗಿ ಆರ್‌ಪಿಎಂ ಇನ್ನಷ್ಟು ಬಿದ್ದು ಎಂಜಿನ್ ಕೆಮ್ಮಿದಂತೆ ನಡುಗುತ್ತದೆ. ಇಲ್ಲೇ ಹಲವರು ಹೆದರಿ ಗುಂಡಿಯನ್ನು ಒಳಗೆ ತಳ್ಳಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆರ್‌ಪಿಎಂ ಮತ್ತೆ ಏರುವವರೆಗೂ ಹಾಗೇ ಬಿಡಿ.

ಶಕ್ತಿ ಪೂರ್ತಿ ಹೋದರೆ ಮೊದಲು ವೇಗ: ಮೂತಿ ಇಳಿಸಿ 60 ನಾಟ್ (ಗಂಟೆಗೆ ಸುಮಾರು 111 ಕಿ.ಮೀ.) ಹಿಡಿಯಿರಿ, ಇಳಿಯಲು ಬಯಲು ಆರಿಸಿ. ಎತ್ತರವಿದ್ದರೆ ಎಂಜಿನ್ ಮತ್ತೆ ಚಾಲೂ ಮಾಡಲು ಕಾರ್ಬ್ ಹೀಟ್ ಆನ್, ಇಂಧನ ಕವಾಟ ಆನ್, ಮಿಕ್ಸ್ಚರ್ ರಿಚ್ (ಮಿಶ್ರಣದಲ್ಲಿ ಇಂಧನದ ಪಾಲು ಹೆಚ್ಚು), ಮ್ಯಾಗ್ನೆಟೊ (ಕಿಡಿ ಹೊತ್ತಿಸುವ ಸಾಧನ) ಎರಡೂ ಆನ್, ಪ್ರೈಮರ್ (ಎಂಜಿನ್ ಚಾಲೂ ಮಾಡಲು ಇಂಧನ ಚಿಮ್ಮಿಸುವ ಕೈಪಂಪು) ಒಳಗೆ ಲಾಕ್. ಪ್ರೈಮರ್ ಸಡಿಲವಿದ್ದರೂ ಹೆಚ್ಚುವರಿ ಇಂಧನ ಎಳೆದುಕೊಂಡು ಎಂಜಿನ್ ಒರಟಾಗಿ ಓಡುತ್ತದೆ. ಟೇಕಾಫ್ ಆದ ಕೂಡಲೇ ಶಕ್ತಿ ಹೋದರೆ ರನ್‌ವೇಗೆ ಹಿಂತಿರುಗಬೇಡಿ, ನೇರ ಮುಂದೆ ಇಳಿಯಿರಿ.