ಹತ್ತು ಸಾವಿರದ ಬಜೆಟ್‌ನಲ್ಲಿ ಯಾವ ಆಡಿಯೋ ಇಂಟರ್‌ಫೇಸ್? ಹಾಡು, ಹಾರ್ಮೋನಿಯಂ ಎರಡೂ ರೆಕಾರ್ಡ್ ಆಗಬೇಕು

ಆಡಿಯೋ ಇಂಟರ್‌ಫೇಸ್ ಅಂದರೆ ಮೈಕಿನ ಸದ್ದನ್ನು ಲ್ಯಾಪ್‌ಟಾಪಿಗೆ ಸೇರಿಸುವ ಪುಟ್ಟ ಪೆಟ್ಟಿಗೆ. ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಹಾರ್ಮೋನಿಯಂ ನುಡಿಸಿಕೊಂಡೇ ದಾಸರ ಪದ ಹಾಡುತ್ತೀರಿ. ಭಾನುವಾರ ತಮ್ಮ ಬಂದರೆ ತಬಲಾನೂ ಸೇರುತ್ತದೆ. ಲ್ಯಾಪ್‌ಟಾಪ್ ಹಳೇದು, ವಿಂಡೋಸ್. ಕೈಯಲ್ಲಿರುವುದು 10 ಸಾವಿರ. ಕೊನೆಯಲ್ಲಿ ಕೇಳಿದ್ದೀರಿ: ‘ಎಲ್ಲರೂ ಸ್ಕಾರ್ಲೆಟ್ ಸೋಲೊ ತಗೋ ಅಂತಾರೆ, ತಗೊಳ್ಳಲಾ?’

ಬೇಡ. ಸೋಲೊ ಕೆಟ್ಟದ್ದು ಅಂತಲ್ಲ, ಒಳ್ಳೇ ಪೆಟ್ಟಿಗೆಯೇ. ಆದರೆ ನಿಮ್ಮ ಕೆಲಸಕ್ಕೆ ಆಗಿಬರುವುದಿಲ್ಲ. ಅದರಲ್ಲಿ ಮೈಕ್ ಸಿಕ್ಕಿಸುವ ಜಾಗ ಇರುವುದು ಒಂದೇ.

ಇದನ್ನು ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಕಾರಣ ಇದೆ. ನಾನು ಮೊದಲ ಸಲ ಇಂಟರ್‌ಫೇಸ್ ತಗೊಂಡಾಗ ಡಬ್ಬದ ಮೇಲೆ ‘2 ಇನ್, 2 ಔಟ್’ ಅಂತ ದೊಡ್ಡದಾಗಿ ಬರೆದಿತ್ತು. ಸರಿ, ಎರಡು ಮೈಕ್ ಹಾಕಬಹುದು ಅಂದುಕೊಂಡೆ. ಗೆಳೆಯನೊಬ್ಬ ಸ್ಕೂಟರಿನ ಮುಂದೆ ತಬಲಾ, ಬಾಯಾ ಎರಡನ್ನೂ ಇಟ್ಟುಕೊಂಡು ಮನೆಗೆ ಬಂದ. ಚಾಪೆ ಹಾಸಿ, ಸುತ್ತಿಗೆಯಿಂದ ಕುಟ್ಟಿ ಶ್ರುತಿ ಮಾಡಿಕೊಂಡ. ನಾನು ಎರಡನೇ ಮೈಕಿನ ವೈರ್ ತಂದು ನೋಡಿದರೆ ಸಿಕ್ಕಿಸಲು ಜಾಗವೇ ಇಲ್ಲ! ವೈರಿನ ತುದಿಯಲ್ಲಿ ಮೂರು ಪಿನ್, ಡಬ್ಬದಲ್ಲಿ ಗಿಟಾರಿನ ದಪ್ಪ ಪಿನ್ನಿಗೆ ಮಾಡಿದ ಒಂದೇ ತೂತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಕೊನೆಗೆ ಒಂದೇ ಮೈಕನ್ನು ಮಧ್ಯೆ ಇಟ್ಟು ರೆಕಾರ್ಡ್ ಮಾಡಿದೆವು. ಆ ಫೈಲ್ ಈಗಲೂ ಇದೆ. ಅದರಲ್ಲಿ ತಬಲಾ ಕಿವಿಯ ಪಕ್ಕದಲ್ಲೇ ಇದೆ, ನಾನು ಮಾತ್ರ ಪಕ್ಕದ ಮನೆಯಲ್ಲಿ ಕೂತು ಹಾಡಿದ ಹಾಗಿದೆ. ತಪ್ಪು ಕಂಪನಿಯದ್ದಲ್ಲ ಬಿಡಿ. ಓದದೆ ದುಡ್ಡು ಕೊಟ್ಟವನು ನಾನು.

ಹಾಗಾಗಿ ಯಾವುದೇ ಮಾಡೆಲ್ ನೋಡಿದರೂ ಮೊದಲು ಮುಂಭಾಗ, ಹಿಂಭಾಗ ಎರಡರ ಫೋಟೋನೂ ದೊಡ್ಡದು ಮಾಡಿ ನೋಡಿ. ಮೂರು ಸಣ್ಣ ತೂತಿನ ದುಂಡನೆಯ ಸಾಕೆಟ್ ಎಷ್ಟಿದೆ ಎಣಿಸಿ. ಅದು ಎಕ್ಸ್‌ಎಲ್‌ಆರ್. ಅಷ್ಟೇ ಮೈಕ್ ಹಾಕಬಹುದು. ಸ್ಕಾರ್ಲೆಟ್ ಸೋಲೊ, ಬೆಹ್ರಿಂಗರ್ ಯುಎಂ2, ಯುಎಂಸಿ22, ಆಡಿಯೆಂಟ್ ಐಡಿ4, ಎಂ-ಆಡಿಯೋ ಎಂ-ಟ್ರ್ಯಾಕ್ ಸೋಲೊ, ಎಲ್ಲದರದ್ದೂ ಇದೇ ಲೆಕ್ಕ. ಮೈಕಿಗೆ ಒಂದು ಜಾಗ, ಇನ್ನೊಂದು ಗಿಟಾರ್ ಅಥವಾ ಕೀಬೋರ್ಡಿಗೆ. ಪಿಕಪ್ (ತಂತಿಯ ಕಂಪನ ಹಿಡಿಯುವ ಸಾಧನ) ಇರುವ ಗಿಟಾರ್ ಹಿಡಿದು ಹಾಡುವವರಿಗೆ ಅಷ್ಟೇ ಸಾಕು. ಹಾರ್ಮೋನಿಯಂಗೆ ಪಿಕಪ್ ಎಲ್ಲಿಂದ ತರೋಣ?

‘ಮೊದಲು ಹಾರ್ಮೋನಿಯಂ ರೆಕಾರ್ಡ್ ಮಾಡಿ, ಆಮೇಲೆ ಹೆಡ್‌ಫೋನಿನಲ್ಲಿ ಕೇಳುತ್ತಾ ಹಾಡು’ ಅಂತ ಯಾರಾದರೂ ಹೇಳಬಹುದು. ತಾಳಕ್ಕೆ ಕಟ್ಟಿದ ಹಾಡಿಗೆ ನಡೆಯುತ್ತದೆ. ಆದರೆ ಶುರುವಿನ ಆಲಾಪಕ್ಕೆ ಏನು ಮಾಡುತ್ತೀರಿ? ಅಲ್ಲಿ ಗಂಟಲು ಹೋದ ಕಡೆ ಬೆರಳು ಹೋಗಬೇಕು. ಬೆರಳು ಮೊದಲೇ ಹೋಗಿ ಕೂತಿದ್ದರೆ ಗಂಟಲು ಅದರ ಹಿಂದೆ ಓಡುತ್ತಾ ಇರುತ್ತದೆ. ನಾನು ಮಾಡಿ ನೋಡಿದ್ದೇನೆ, ಜೀವ ಇರುವುದಿಲ್ಲ.

ನಿಮ್ಮ ದುಡ್ಡಿಗೆ ನನ್ನ ಉತ್ತರ ಬೆಹ್ರಿಂಗರ್ ಯುಎಂಸಿ202ಎಚ್‌ಡಿ. ಎರಡು ಮೈಕ್ ಸಾಕೆಟ್, ಎರಡಕ್ಕೂ ಬೇರೆ ಬೇರೆ ಗೇನ್, ಅಂದರೆ ಮೈಕಿನ ಸದ್ದು ಏರಿಸುವ ಗುಂಡಿ. 24 ಬಿಟ್ (ಸದ್ದನ್ನು ಎಷ್ಟು ಸೂಕ್ಷ್ಮವಾಗಿ ಅಳೆಯುತ್ತದೆ ಅನ್ನುವ ಲೆಕ್ಕ). ಕಂಡೆನ್ಸರ್ ಮೈಕಿಗೆ (ಕರೆಂಟ್ ಬೇಕಾಗುವ, ಸಣ್ಣ ಸದ್ದನ್ನೂ ಹಿಡಿಯುವ ಮೈಕ್) ಬೇಕಾದ 48 ವೋಲ್ಟ್ ಕೊಡುತ್ತದೆ. ಬೇರೆ ಅಡಾಪ್ಟರ್ ಬೇಡ, ಯುಎಸ್‌ಬಿಯಿಂದಲೇ ನಡೆಯುತ್ತದೆ. ದರ ತಿಂಗಳಿಗೊಂದು ಥರ ಇರುತ್ತದೆ, ಎರಡು ಮೂರು ಕಡೆ ನೋಡಿ. ಕುಂದು ಇಲ್ಲ ಅಂತಲ್ಲ. ಗೇನ್ ಕೊನೆಯವರೆಗೆ ತಿರುಗಿಸಿದರೆ ಹಿಂದೆ ಸಣ್ಣಗೆ ಸುಯ್ ಅನ್ನುತ್ತದೆ. 48 ವೋಲ್ಟಿನ ಸ್ವಿಚ್ ಒಂದೇ, ಹಾಕಿದರೆ ಎರಡು ಮೈಕಿಗೂ ಹೋಗುತ್ತದೆ. ಸರಿಯಾದ ಎಕ್ಸ್‌ಎಲ್‌ಆರ್ ವೈರಿನಲ್ಲಿ ಕರೆಂಟ್ ಬೇಡದ ಸಾದಾ ಡೈನಾಮಿಕ್ ಮೈಕ್ ಇದ್ದರೆ ಅದಕ್ಕೇನೂ ಆಗುವುದಿಲ್ಲ, ಹೆದರಬೇಡಿ.

ಇದಕ್ಕಿಂತ ಕಡಿಮೆಗೆ ಎರಡು ಮೈಕ್ ಬೇಕು ಅಂದರೆ ಎಂ-ಟ್ರ್ಯಾಕ್ ಡುವೊ ಇದೆ. ಆದರೆ ಅದು 16 ಬಿಟ್. ಸ್ವಲ್ಪ ಕಾಯಬಲ್ಲಿರಾದರೆ ಆಡಿಯೆಂಟ್ ಇವೊ 4 ಅಥವಾ ಸ್ಕಾರ್ಲೆಟ್ 2ಐ2 ನೋಡಿ. ಇವೊದಲ್ಲೂ, 2023ರಲ್ಲಿ ಬಂದ ನಾಲ್ಕನೇ ತಲೆಮಾರಿನ 2ಐ2ನಲ್ಲೂ ಒಂದು ಬಟನ್ ಒತ್ತಿ ಸ್ವಲ್ಪ ಹೊತ್ತು ಹಾಡಿದರೆ ಗೇನ್ ತಾನೇ ಹೊಂದಿಕೊಳ್ಳುತ್ತದೆ. ಒಂದು ಕೈ ತಿದಿಯ ಮೇಲೆ, ಇನ್ನೊಂದು ಮನೆಗಳ (ಕೀಗಳ) ಮೇಲೆ ಇರುವವರಿಗೆ ಇದು ನಿಜವಾಗಿ ಉಪಯೋಗ. ಅದಕ್ಕೋಸ್ಕರ ಸಾಲ ಮಾಡಬೇಡಿ ಅಷ್ಟೇ.

16, 24 ಬಿಟ್ ವ್ಯತ್ಯಾಸ ಕಿವಿಗೆ ಕೇಳುತ್ತದಾ ಅಂತ ಕೇಳಿದರೆ, ಮುಗಿದ ಹಾಡಿನಲ್ಲಿ ಬಹುತೇಕ ಇಲ್ಲ. ರೆಕಾರ್ಡ್ ಮಾಡುವಾಗ ಮಾತ್ರ ಧೈರ್ಯ ಕೊಡುತ್ತದೆ. 24 ಬಿಟ್‌ನಲ್ಲಿ ಸದ್ದು ಕಡಿಮೆ ಇಟ್ಟು ರೆಕಾರ್ಡ್ ಮಾಡಿ ಆಮೇಲೆ ಏರಿಸಿದರೂ ಕೊಳೆ ಅಷ್ಟಾಗಿ ಮೇಲೆ ಬರುವುದಿಲ್ಲ. ಮೀಟರಿನಲ್ಲಿ ಅತಿ ಜೋರಿನ ಜಾಗ ಮೈನಸ್ 12 ಡೆಸಿಬೆಲ್ ಹತ್ತಿರ ಇರಲಿ. ತಬಲಾದವರ ವಿಷಯದಲ್ಲಿ ಒಂದು ಮಾತು. ‘ಸುಮ್ನೆ ಸ್ವಲ್ಪ ನುಡಿಸು’ ಅಂದರೆ ಮೆತ್ತಗೆ ಧಿನ್ ಧಿನ್ ಅನ್ನುತ್ತಾರೆ. ನೀವು ಅದಕ್ಕೆ ಗೇನ್ ಇಡುತ್ತೀರಿ. ಹಾಡಿನ ಮಧ್ಯೆ ತಿಹಾಯಿ (ಒಂದೇ ತುಣುಕನ್ನು ಮೂರು ಸಲ ನುಡಿಸಿ ಮುಗಿಸುವುದು) ಬಂದಾಗ ಕೆಂಪು ದೀಪ ಹತ್ತುತ್ತದೆ, ಆ ‘ಧಾ’ ಒಡೆದೇ ಹೋಗಿರುತ್ತದೆ. ಮೊದಲೇ ತಿಹಾಯಿ ನುಡಿಸಲು ಹೇಳಿ, ಅದಕ್ಕೆ ಗೇನ್ ಇಡಿ.

ಡಬ್ಬದ ಮೇಲಿನ 192 ಕಿಲೋಹರ್ಟ್ಸ್ (ಸೆಕೆಂಡಿಗೆ ಎಷ್ಟು ಸಾವಿರ ಸಲ ಸದ್ದು ಅಳೆಯುತ್ತದೆ ಅನ್ನುವುದು) ನೋಡಿ ಮರುಳಾಗಬೇಡಿ. 48ಕ್ಕೆ ಇಟ್ಟುಬಿಡಿ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಮೈಕಿನ ಒಂದು ನಿಮಿಷಕ್ಕೆ ಸುಮಾರು 8.6 ಎಂಬಿ ಆಗುತ್ತದೆ. 192ರಲ್ಲಿ ಅದರ ನಾಲ್ಕು ಪಟ್ಟು. ನಿಮ್ಮ ಹಳೇ ಲ್ಯಾಪ್‌ಟಾಪ್ ಪಾಪ ಏದುಸಿರು ಬಿಡುತ್ತದೆ.

ಲ್ಯಾಪ್‌ಟಾಪ್ ಅಂದಕೂಡಲೇ ಡ್ರೈವರ್ ವಿಷಯ ಬರುತ್ತದೆ. ವಿಂಡೋಸ್‌ನಲ್ಲಿ ಕಂಪನಿಯದ್ದೇ ಏಸಿಯೋ ಡ್ರೈವರ್ (ತಡ ಕಡಿಮೆ ಆಗುವ ಹಾಗೆ ಪೆಟ್ಟಿಗೆಯನ್ನು ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಜೋಡಿಸುವ ಪ್ರೋಗ್ರಾಂ) ಇರುವ ಇಂಟರ್‌ಫೇಸ್ ತಗೊಳ್ಳಿ. 202ಕ್ಕೆ ಇದೆ. ಕೆಲವು ಅತಿ ಅಗ್ಗದವುಗಳಿಗೆ ಏಸಿಯೋ ಫಾರ್ ಆಲ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು. ಒಮ್ಮೆ ನಡೆಯುತ್ತದೆ, ಒಮ್ಮೆ ಹಟ ಮಾಡುತ್ತದೆ. ಡ್ರೈವರ್ ಸೆಟ್ಟಿಂಗ್‌ನಲ್ಲಿ ಬಫರ್ ಅಂತ ಇರುತ್ತದೆ, ಲ್ಯಾಪ್‌ಟಾಪ್ ಒಂದು ಸಲಕ್ಕೆ ತಗೊಳ್ಳುವ ಸದ್ದಿನ ತುಣುಕು. 48 ಕಿಲೋಹರ್ಟ್ಸ್‌ನಲ್ಲಿ 128 ಇಟ್ಟರೆ ಒಂದು ಬಫರಿಗೆ ಸುಮಾರು 2.7 ಮಿಲಿಸೆಕೆಂಡ್ ತಡ. 1024 ಇಟ್ಟರೆ 21. ಗಾಳಿಯಲ್ಲಿ ಶಬ್ದ ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್ ಹೋಗುತ್ತದೆ. ಅಂದರೆ 21 ಮಿಲಿಸೆಕೆಂಡ್ ಅಂದರೆ ನಿಮ್ಮ ಹಾರ್ಮೋನಿಯಂ ಏಳು ಮೀಟರ್ ಆಚೆ ಇಟ್ಟ ಹಾಗೆ. ಸದ್ದು ಲ್ಯಾಪ್‌ಟಾಪಿನ ಒಳಗೆ ಹೋಗಿ ಹೊರಗೆ ಬರಬೇಕಲ್ಲ, ಹಾಗಾಗಿ ಒಟ್ಟು ತಡ ಇನ್ನೂ ಜಾಸ್ತಿ. ಹಳೇ ಲ್ಯಾಪ್‌ಟಾಪ್ 128ರಲ್ಲಿ ಪಟ್ ಪಟ್ ಅನ್ನುತ್ತದೆ, 1024ರಲ್ಲಿ ಹಾಡುವುದಕ್ಕೇ ಆಗುವುದಿಲ್ಲ.

ಇದಕ್ಕೆ ಮದ್ದು ಡೈರೆಕ್ಟ್ ಮಾನಿಟರ್ ಬಟನ್. ಅದನ್ನು ಒತ್ತಿದರೆ ನಿಮ್ಮ ದನಿ ಲ್ಯಾಪ್‌ಟಾಪಿಗೆ ಹೋಗಿ ಬರುವ ಮೊದಲೇ, ಆ ಪೆಟ್ಟಿಗೆಯಿಂದಲೇ ಹೆಡ್‌ಫೋನಿಗೆ ಬರುತ್ತದೆ. ತಡವೇ ಇಲ್ಲ. ಬಫರ್ 1024 ಇದ್ದರೂ ಚಿಂತೆ ಇಲ್ಲ. ಆದರೆ ರೆಕಾರ್ಡಿಂಗ್ ಸಾಫ್ಟ್‌ವೇರ್ ಒಳಗಿನ ಮಾನಿಟರ್ ಆಫ್ ಮಾಡಿರಬೇಕು, ಇಲ್ಲದಿದ್ದರೆ ದನಿ ಎರಡೆರಡು ಸಲ ಕೇಳುತ್ತದೆ. ಈ ಬಟನ್ ಇರುವುದರಿಂದ ಈಗಲೇ ಹೊಸ ಲ್ಯಾಪ್‌ಟಾಪ್ ಬೇಕಾಗಿಲ್ಲ. ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ರೀಪರ್ ಹಾಕಿಕೊಳ್ಳಿ. 60 ದಿನ ಪುಕ್ಕಟೆ ನೋಡಬಹುದು, ಹಳೇ ಯಂತ್ರದಲ್ಲೂ ಹಗುರವಾಗಿ ಓಡುತ್ತದೆ.

ಈಗ ಗುಂಯ್ ಶಬ್ದದ ವಿಷಯ. ಇದನ್ನು ಯಾವ ವಿಡಿಯೋದಲ್ಲೂ ಸರಿಯಾಗಿ ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ ಇದೇ ದೊಡ್ಡ ತಲೆನೋವು. ಹೊಸ ಪೆಟ್ಟಿಗೆ ತಂದು ಹಚ್ಚಿದೆ, ಹೆಡ್‌ಫೋನಿನಲ್ಲಿ ದುಂಬಿ ಹಾರಿದ ಹಾಗೆ ಒಂದೇ ಸಮನೆ ಗುಂಯ್. ವೈರ್ ಬದಲಾಯಿಸಿದೆ, ಮೈಕ್ ಬದಲಾಯಿಸಿದೆ, ಹೋಗಲಿಲ್ಲ. ಹಾಡಲು ಬಗ್ಗಿದಾಗ ಮೈಕಿನ ಜಾಲರಿ ತುಟಿಗೆ ತಾಗಿತು, ಜುಮ್ ಅಂತು. ಆಗ ಹೊಳೆಯಿತು. ಲ್ಯಾಪ್‌ಟಾಪಿನ ಚಾರ್ಜರ್ ಮೂರು ಪಿನ್ನಿನದೇ, ಆದರೆ ನಾನು ಅದನ್ನು ಎರಡು ಪಿನ್ನಿನ ಕನ್ವರ್ಟರ್ ಮೂಲಕ ಹಳೇ ಬೋರ್ಡಿಗೆ ಹಾಕಿದ್ದೆ. ಅರ್ಥಿಂಗೇ ಇಲ್ಲ. ಚಾರ್ಜರ್ ಕಿತ್ತೆ. ಗುಂಯ್ ತಕ್ಷಣ ನಿಂತಿತು. ಇಡೀ ಕೋಣೆ ನಿಶ್ಶಬ್ದ. ಗೋಡೆ ಗಡಿಯಾರ ಟಿಕ್ ಅನ್ನುವುದು ಕೇಳಿಸಿತು, ಅದನ್ನೂ ಇಳಿಸಿ ದಿಂಬಿನ ಕೆಳಗೆ ಇಡಬೇಕಾಯಿತು!

ಹಾಗಾಗಿ ಗುಂಯ್ ಅಂದರೆ ಇಂಟರ್‌ಫೇಸ್ ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ. ಮೊದಲು ಚಾರ್ಜರ್ ಕಿತ್ತು ನೋಡಿ. ನಿಂತರೆ ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ. ಆಮೇಲೆ ಎಲೆಕ್ಟ್ರಿಷಿಯನ್ ಕರೆಸಿ ಆ ಪಾಯಿಂಟಿನ ಅರ್ಥಿಂಗ್ ಸರಿ ಮಾಡಿಸಿ. ಅರ್ಥ್ ಪಿನ್ ಕಿತ್ತು ಹಾಕುವ ಉಪಾಯ ಯಾರಾದರೂ ಹೇಳಿದರೆ ಕೇಳಲೇಬೇಡಿ, ಅದು ಜೀವಕ್ಕೆ ಅಪಾಯ.

ಮೈಕ್ ವಿಷಯ. ನಿಮ್ಮಲ್ಲಿ ಭಜನೆಗೆ ಬಳಸುವ ಡೈನಾಮಿಕ್ ಮೈಕ್ ಒಂದು ಇದೆ ಅಂದಿದ್ದೀರಿ. ಅದರ ವೈರಿನ ತುದಿ ನೋಡಿ. ಆಂಪ್ಲಿಫೈಯರಿಗೆ ಹಾಕುವ ದಪ್ಪ ಪಿನ್ ಇದ್ದರೆ ಅದು ಇಂಟರ್‌ಫೇಸಿನ ಸಾಕೆಟ್ಟಿನ ನಡುವೆ ಚೆನ್ನಾಗಿಯೇ ಕೂರುತ್ತದೆ, ಆದರೆ ದನಿ ಪಿಸುಗುಟ್ಟಿದ ಹಾಗೆ ಬರುತ್ತದೆ. ಯಾಕೆಂದರೆ ಆ ನಡುವಿನ ತೂತು ಗಿಟಾರ್, ಕೀಬೋರ್ಡಿಗೆ. ಮೈಕಿನ ಪ್ರೀಆಂಪ್‌ಗೆ (ಮೈಕಿನ ಸಣ್ಣ ಸದ್ದನ್ನು ದೊಡ್ಡದು ಮಾಡುವ ಭಾಗ) ದಾರಿ ಮೂರು ಪಿನ್ನಿನಿಂದ ಮಾತ್ರ. ಮೈಕಿನ ಬುಡದಲ್ಲಿ ಮೂರು ಪಿನ್ ಇದ್ದರೆ ಹೊಸ ಎಕ್ಸ್‌ಎಲ್‌ಆರ್ ವೈರ್ ಒಂದು ತಂದರೆ ಸಾಕು, ಮೈಕ್ ಬದಲಾಯಿಸುವುದು ಬೇಡ. ಬೆಂಗಳೂರಿಗೆ ಬಂದರೆ ಎಸ್.ಪಿ. ರೋಡಿನಲ್ಲಿ ಕೇಳಿ.

ಇನ್ನೊಂದು ಮೈಕಿಗೆ ಕಂಡೆನ್ಸರ್ ತಗೊಳ್ಳಬೇಕಾ? ಮನೆ ರಸ್ತೆ ಬದಿಗಿದ್ದರೆ, ಮೇಲೆ ತಗಡಿನ ಶೀಟ್ ಇದ್ದರೆ ಬೇಡ. ಕಂಡೆನ್ಸರ್ ಅಡುಗೆಮನೆಯ ಕುಕ್ಕರ್ ಸೀಟಿಯನ್ನೂ ಬಿಡದೆ ಹಿಡಿಯುತ್ತದೆ. ಜೂನ್ ಮಳೆ ಶುರುವಾದರೆ ಎರಡು ತಿಂಗಳು ಅದನ್ನು ಡಬ್ಬದಲ್ಲೇ ಇಡಬೇಕು. ಇನ್ನೊಂದು ಸಾದಾ ಡೈನಾಮಿಕ್ ಮೈಕೇ ಸಾಕು. ಶೂರ್ ಎಸ್‌ಎಂ58 ಥರದ್ದನ್ನು ಬಾಯಿಗೆ ಒಂದು ಗೇಣಿಗಿಂತ ಹತ್ತಿರ ಇಟ್ಟು ಹಾಡಿದರೆ ಕೋಣೆಯ ಗದ್ದಲ ತಾನೇ ಹಿಂದೆ ಸರಿಯುತ್ತದೆ. ಹಾರ್ಮೋನಿಯಂ ಮೈಕನ್ನು ತಿದಿಯ ಕಡೆ ಇಡಬೇಡಿ, ಫುಸ್ ಫುಸ್ ಗಾಳಿಯೇ ಬರುತ್ತದೆ. ಮನೆಗಳಿಗೆ ತೀರಾ ಹತ್ತಿರ ಇಟ್ಟರೆ ಬೆರಳಿನ ಟಕ್ ಟಕ್. ಒಂದು ಅಡಿ ಮೇಲೆ, ಮನೆಗಳ ಕಡೆ ವಾಲಿಸಿ ಇಡಿ. ಶ್ರುತಿ ಪೆಟ್ಟಿಗೆ ಕೋಣೆಯಲ್ಲಿ ಹಚ್ಚಬೇಡಿ. ಅದನ್ನು ಮೊದಲೇ ರೆಕಾರ್ಡ್ ಮಾಡಿಟ್ಟುಕೊಂಡು ಹೆಡ್‌ಫೋನಿನಲ್ಲಿ ಕೇಳಿ. ಆಮೇಲೆ ಎಷ್ಟು ಬೇಕೋ ಅಷ್ಟು ಬೆರೆಸಬಹುದು.

ಭಾನುವಾರದ ಲೆಕ್ಕ ಉಳಿಯಿತು. ಹಾಡು, ಹಾರ್ಮೋನಿಯಂ, ತಬಲಾ ಮೂರು ಆಯಿತು, ಸಾಕೆಟ್ ಎರಡು. ನಾಲ್ಕು ಮೈಕಿನ ಪೆಟ್ಟಿಗೆ ತಗೊಂಡರೆ ಬಜೆಟ್ ದಾಟುತ್ತದೆ. ನಾನು ಮಾಡುವುದು ಹೀಗೆ: ಒಂದು ಮೈಕ್ ಬಾಯಿಗೆ, ಇನ್ನೊಂದು ತಬಲಾಕ್ಕೆ. ಹಾರ್ಮೋನಿಯಂ ಹೇಗೂ ಹಾಡುವವರ ಮುಂದೆಯೇ ಇರುತ್ತದಲ್ಲ, ಬಾಯಿಯ ಮೈಕಿನಲ್ಲೇ ಬೇಕಾದಷ್ಟು ಬಂದಿರುತ್ತದೆ. ಜಾಸ್ತಿ ಬಂತು ಅನ್ನಿಸಿದರೆ ಮೈಕಿಗೆ ಇನ್ನೆರಡು ಬೆರಳು ಹತ್ತಿರ ಹೋಗಿ ಹಾಡಿ. ತಮ್ಮನನ್ನು ಎದುರಿಗೆ ಕೂರಿಸಿ, ಪಕ್ಕಕ್ಕೆ ಬೇಡ. ಎಸ್‌ಎಂ58 ಥರದ ಮೈಕ್ ಹಿಂಭಾಗದ ಸದ್ದನ್ನು ಕಡಿಮೆ ಹಿಡಿಯುತ್ತದೆ, ಹಾಗಾಗಿ ಎರಡು ಮೈಕಿನ ಬೆನ್ನೂ ಒಂದಕ್ಕೊಂದು ತಿರುಗಿರಬೇಕು. 202ರಲ್ಲಿ ಸದ್ದು ತಗ್ಗಿಸುವ ಪ್ಯಾಡ್ ಬಟನ್ ಇದೆ, ತಬಲಾ ಸದ್ದು ತಡೆಯಲಾಗದಷ್ಟು ಬಂದರೆ ಅದನ್ನು ಒತ್ತಿ.

ಪಾರ್ಸೆಲ್ ಬಂದ ದಿನವೇ ಎರಡೂ ಸಾಕೆಟ್ಟಿಗೆ ಅದೇ ಮೈಕ್ ಹಾಕಿ ನೋಡಿ. ಗೇನ್ ತಿರುಗಿಸುವಾಗ ಕರಕರ ಅನ್ನಬಾರದು. ಹೆಡ್‌ಫೋನ್ ಎರಡೂ ಕಿವಿಗೆ ಸಮ ಬರಬೇಕು. 48 ವೋಲ್ಟ್ ಪರೀಕ್ಷೆಗೆ ಕಂಡೆನ್ಸರ್ ಬೇಕು, ಯಾರ ಹತ್ತಿರವಾದರೂ ಒಂದು ಗಂಟೆಗೆ ಕೇಳಿ ತನ್ನಿ. ಇಷ್ಟನ್ನೂ ವಾಪಸ್ ಕಳಿಸುವ ಗಡುವು ಮುಗಿಯುವ ಮೊದಲೇ ಮಾಡಿ. ನಾನು ಎರಡನೇ ಸಾಕೆಟ್ ಮುಟ್ಟಿ ನೋಡಿದ್ದು ಹನ್ನೊಂದನೇ ದಿನ, ಗಡುವು ಇದ್ದದ್ದು ಹತ್ತು ದಿನ.