ಮಗಳ ಗುಂಗುರು ಕೂದಲು ನೋಡಿ ಎಲ್ಲರೂ ಆಡಿಕೊಳ್ಳುತ್ತಾರೆ, ನೇರ ಮಾಡಿಸಿಬಿಡಲೇ?

ಮಾಡಿಸಬೇಡಿ. ನೀವು ಬರೆದಿರುವಂತೆ ಅಮೆರಿಕದ ನ್ಯೂಜೆರ್ಸಿಯ ಅಂಗಡಿಯಲ್ಲಿ ಹಿರಿಯ ಬ್ಲ್ಯಾಕ್ (ಆಫ್ರಿಕನ್ ಮೂಲದ) ಮಹಿಳೆಯೊಬ್ಬರು ‘ಈ ಮಗುವಿಗೆ ತಲೆ ಬಾಚೋರು ಯಾರೂ ಇಲ್ವಾ’ ಅಂದದ್ದು, ಫೋಟೋ ಕೆಳಗೆ ಅಪರಿಚಿತರು ಗೀಚಿದ್ದು, ಮೈಸೂರಿನಿಂದ ನಿಮ್ಮತ್ತೆ ‘ಒಂದ್ಸಲ ಬೋಳಿಸು, ಚೆನ್ನಾಗಿ ಬರತ್ತೆ’ ಅಂದದ್ದು, ಈ ಮೂರೂ ನಮ್ಮ ಮನೆ ಬಾಗಿಲಿಗೂ ಬಂದು ಹೋಗಿವೆ. ಬೋಳಿಸುವುದರಿಂದ ಏನೂ ಬದಲಾಗುವುದಿಲ್ಲ. ಕೂದಲು ಗುಂಗುರಾಗುವುದು ಚರ್ಮದೊಳಗಿನ ಬುಡದ ಆಕಾರದಿಂದ. ಕತ್ತಿ ಅಲ್ಲಿಗೆ ತಲುಪುವುದಿಲ್ಲ.

ಆಡಿಕೊಳ್ಳುವವರ ಬಾಯಿ ಮುಚ್ಚಿಸಲು ನಾಲ್ಕು ವರ್ಷದ ಮಗುವಿಗೆ ಯಾವ ಶೈಲಿ ಒಳ್ಳೆಯದು ಅಂತಲೂ ಕೇಳಿದ್ದೀರಿ. ಆ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅಮೆರಿಕದ ಬ್ಲ್ಯಾಕ್ ಗಾಯಕಿ ಬಿಯಾನ್ಸೆಯ ಮಗಳು ಬ್ಲೂ ಐವಿಗೆ ಎರಡು ವರ್ಷವಾಗಿದ್ದಾಗ, 2014ರಲ್ಲಿ, ಆ ಮಗುವಿನ ತಲೆ ಬಾಚಿ ಎಂದು ಆನ್‌ಲೈನ್ ಮನವಿ ಹೊರಟು ಸಾವಿರಾರು ಜನ ಸಹಿ ಹಾಕಿದ್ದರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಬ್ಲ್ಯಾಕ್ ಜಿಮ್ನಾಸ್ಟ್ ಗ್ಯಾಬಿ ಡಗ್ಲಸ್‌ಗೆ ಆಗ ಹದಿನಾರು ವರ್ಷ. ಅವಳ ಜುಟ್ಟಿನ ಅಂಚು ನೀಟಾಗಿಲ್ಲ ಎಂಬ ಮಾತು ಪದಕದ ಸುದ್ದಿಯ ಪಕ್ಕದಲ್ಲೇ ಓಡಾಡಿತು. ಹಣ, ಹೆಸರು, ಚಿನ್ನ ಯಾವುದೂ ಆಡಿಕೊಂಡವರ ಬಾಯಿ ಮುಚ್ಚಿಸಲಿಲ್ಲ. ಹೀಗೆ ಹೇಳಿದವರಲ್ಲಿ ಬ್ಲ್ಯಾಕ್ ಹಿರಿಯರೂ ಬೇಕಾದಷ್ಟಿದ್ದರು. ಕೂದಲಿನ ನೆಪದಲ್ಲಿ ಶಾಲೆಯಿಂದ ಮನೆಗೆ ಕಳಿಸುವುದನ್ನೂ ಕೆಲಸ ತಪ್ಪಿಸುವುದನ್ನೂ ಕಂಡವರ ಭಯ ಅದು. ಅಂಗಡಿಯ ಆ ಹಿರಿಯರ ಮೇಲೆ ನನಗೇನೂ ಕೋಪವಿಲ್ಲ, ಆದರೆ ಅವರು ಹೇಳಿದಂತೆ ಕಟ್ಟಬೇಕಾಗಿಲ್ಲ.

ಯಾಕೆಂದರೆ ನೋಡಿದವರೆಲ್ಲ ‘ನೀಟಾಗಿದೆ’ ಎನ್ನುವ ತಲೆಯೇ ಕೂದಲಿಗೆ ಹೆಚ್ಚು ಹಾನಿ ಮಾಡುವ ತಲೆ. ಜೆಲ್ ಬಳಿದು, ಒಂದು ಎಳೆಯೂ ಏಳದಂತೆ ಹಿಂದಕ್ಕೆ ಎಳೆದು ಕಟ್ಟಿದ ಜುಟ್ಟು, ಇಲ್ಲವೇ ಹಣೆಯಂಚಿನಿಂದಲೇ ಬಿಗಿಯಾಗಿ ಹೆಣೆದ ಕಾರ್ನ್‌ರೋ, ಅಂದರೆ ನೆತ್ತಿಗೆ ಅಂಟಿದಂತೆ ಸಾಲು ಸಾಲಾಗಿ ಹೆಣೆಯುವ ಸಣ್ಣ ಜಡೆ. ತಂದೆ ತಾಯಂದಿರು ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಎಳೆತ ದಿನಗಟ್ಟಲೆ ಇದ್ದರೆ ಕೂದಲಿನ ಬುಡ ಉರಿಯೂತಕ್ಕೆ ಬೀಳುತ್ತದೆ. ಮೊದಲು ಜಡೆಯ ಬುಡದಲ್ಲಿ ಸಣ್ಣ ಗುಳ್ಳೆಗಳು, ಆಮೇಲೆ ಕಿವಿಯ ಮುಂದೆ ಮತ್ತು ಕಣತಲೆಯಲ್ಲಿ ತುಂಡಾದ ಗಿಡ್ಡ ಕೂದಲು, ಆಮೇಲೆ ಆ ಜಾಗವೇ ತೆಳು. ಇದಕ್ಕೆ ಟ್ರ್ಯಾಕ್ಷನ್ ಅಲೊಪೇಶಿಯಾ ಎನ್ನುತ್ತಾರೆ. ಬೇಗ ಬಿಗಿ ಬಿಟ್ಟರೆ ಕೂದಲು ಮರಳಿ ಬರುತ್ತದೆ. ವರ್ಷಗಟ್ಟಲೆ ಎಳೆದರೆ ಬುಡದಲ್ಲಿ ಗಾಯದ ಕಲೆ ಕೂತು ಬರುವುದೇ ನಿಲ್ಲುತ್ತದೆ. ಹೆಣೆದ ಮೇಲೆ ಮಗು ಹುಬ್ಬು ಎತ್ತಲಿ. ನೋವೆಂದರೆ ಅಂದೇ ಬಿಚ್ಚಿ, ‘ನಾಳೆಗೆ ಸಡಿಲವಾಗತ್ತೆ’ ಅಂತ ಕಾಯಬೇಡಿ. ಹಣೆಯಂಚಿನ ಮರಿಗೂದಲನ್ನು ಜಡೆಗೆ ಸೇರಿಸಬೇಡಿ. ಒದ್ದೆ ಕೂದಲನ್ನು ಬಿಗಿಯಾಗಿ ಹೆಣೆಯಬೇಡಿ, ಅದು ಒಣಗುತ್ತಾ ಕುಗ್ಗಿ ಇನ್ನಷ್ಟು ಬಿಗಿಯುತ್ತದೆ. ಈ ವಯಸ್ಸಿಗೆ ಕೃತಕ ಕೂದಲು ಸೇರಿಸುವುದೂ ಬೇಡ, ಅದರ ಭಾರ ಬೀಳುವುದು ಬುಡದ ಮೇಲೆ. ಸಣ್ಣ ರಬ್ಬರ್ ಬ್ಯಾಂಡನ್ನು ಎಳೆದು ತೆಗೆಯದೆ ಕತ್ತರಿಸಿ.

ಮಾಡಬೇಕಾದ್ದು ಇಷ್ಟು. 7ರಿಂದ 10 ದಿನಕ್ಕೊಮ್ಮೆ ತಲೆಸ್ನಾನ. ಕೂದಲನ್ನು ನಾಲ್ಕೋ ಆರೋ ಭಾಗ ಮಾಡಿ ಕ್ಲಿಪ್ ಹಾಕಿ. ಒಂದು ಭಾಗಕ್ಕೆ ನೀರು ಚಿಮುಕಿಸಿ, ಜಾರುವಷ್ಟು ಕಂಡೀಷನರ್ ಹಚ್ಚಿ. ಮೊದಲು ಬೆರಳಿನಿಂದ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಸ್ವಲ್ಪ ಸ್ವಲ್ಪವೇ ಸಿಕ್ಕು ಬಿಡಿಸಿ. ಇನ್ನೊಂದು ಕೈ ಸಿಕ್ಕಿನ ಮೇಲ್ಗಡೆ ಕೂದಲನ್ನು ಹಿಡಿದಿರಲಿ, ಆಗ ಎಳೆತ ನೆತ್ತಿಗೆ ಹೋಗದು. ಒಣಗಿದ ಕೂದಲಿಗೆ ಬಾಚಣಿಗೆ ತಾಗಿಸಲೇಬೇಡಿ. ಪ್ರತಿ ತಿರುವೂ ಮುರಿಯುವ ಜಾಗ. ಶಾಂಪೂ ನೆತ್ತಿಗೆ ಮಾತ್ರ, ನೊರೆ ಇಳಿಯುತ್ತಾ ಉಳಿದದ್ದನ್ನು ತೊಳೆಯುತ್ತದೆ. ಒರಟು ಟವೆಲ್ ಬಿಟ್ಟು ಹಳೆಯ ಹತ್ತಿ ಟೀ ಶರ್ಟಿನಿಂದ ಒತ್ತಿ ನೀರು ತೆಗೆಯಿರಿ. ಇನ್ನೂ ತೇವ ಇರುವಾಗಲೇ ಪ್ರತಿ ಭಾಗಕ್ಕೂ ಲೀವ್ ಇನ್ (ತೊಳೆಯದೆ ಹಾಗೇ ಬಿಡುವ) ಕಂಡೀಷನರ್, ಅದರ ಮೇಲೆ ಎಣ್ಣೆ ಎರಡು ಮೂರು ತೊಟ್ಟು, ಆಮೇಲೆ ಎರಡೆಳೆಯ ಸಡಿಲ ಹುರಿ. ಅದು ಒಂದು ವಾರ ನಿಲ್ಲುತ್ತದೆ. ಒಂದೂವರೆ ಎರಡು ಗಂಟೆಯ ಕೆಲಸ, ಟಿವಿ ಹಾಕಿಕೊಡಿ.

ನಮ್ಮವರು ಎಣ್ಣೆಯ ವಿಷಯದಲ್ಲಿ ಎಡವುತ್ತಾರೆ. ಎಣ್ಣೆಯಲ್ಲಿ ನೀರಿಲ್ಲ. ಒಣಕೂದಲಿಗೆ ಹಚ್ಚಿದರೆ ಮೇಲೆ ಹೊಳಪು, ಒಳಗೆ ಅದೇ ಒಣಕಲು. ತೇವದ ಮೇಲೆ ಹಚ್ಚಿದರೆ ಆ ತೇವವನ್ನು ಹಿಡಿದಿಡುತ್ತದೆ. ಕೊಬ್ಬರಿ ಎಣ್ಣೆ ತಲೆಸ್ನಾನಕ್ಕೆ ಮೊದಲು ಒಳ್ಳೆಯದೇ. ಸೀಗೆಪುಡಿ ಮಾತ್ರ ಬೇಡ, ಪುಡಿ ಸುರುಳಿಗಳಲ್ಲಿ ಸಿಕ್ಕಿಕೊಂಡರೆ ತೊಳೆದು ಮುಗಿಯುವುದಿಲ್ಲ. ಹಾಗೆಯೇ ‘ಕೂದಲು ಬೆಳೀತಾನೇ ಇಲ್ಲ’ ಅಂದವರ ಮುಂದೆ ಒಂದು ಸುರುಳಿಯನ್ನು ಮೆಲ್ಲಗೆ ಎಳೆದು ತೋರಿಸಿ; ಒಣಗಿದಾಗ ಅರ್ಧಕ್ಕಿಂತ ಗಿಡ್ಡವಾಗಿ ಕಾಣುವುದೂ ಉಂಟು.

ನೇರ ಮಾಡುವ ರಿಲ್ಯಾಕ್ಸರ್ ಬಗ್ಗೆ: ಅದು ಕಡು ಕ್ಷಾರ, ಒಂದು ಬಗೆಯಲ್ಲಿರುವುದು ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಲೈ. ‘ನೋ ಲೈ’ ಅಂತ ಬರೆದದ್ದರಲ್ಲಿ ಬೇರೆ ಕ್ಷಾರ, ಚರ್ಮ ಸುಡುವುದು ಅದರಿಂದಲೂ ತಪ್ಪಿದ್ದಲ್ಲ. ಬುಡದಲ್ಲಿ ಗುಂಗುರು ಮತ್ತೆ ಬರುವುದರಿಂದ ಒಂದೆರಡು ತಿಂಗಳಿಗೊಮ್ಮೆ ಹಚ್ಚುತ್ತಲೇ ಇರಬೇಕು. ಕೂದಲು ನೇರ ಮಾಡುವ ರಾಸಾಯನಿಕಗಳನ್ನು ಪದೇ ಪದೇ ಬಳಸುವ ಮಹಿಳೆಯರಲ್ಲಿ ಗರ್ಭಕೋಶದ ಕ್ಯಾನ್ಸರ್ ಹೆಚ್ಚು ಎಂದು ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯ ಅಧ್ಯಯನ 2022ರಲ್ಲಿ ಹೇಳಿದೆ. ಕಾರಣ ಅದೇ ಎಂದು ಸಾಬೀತಾಗಿಲ್ಲ. ಬೇಡ ಎನ್ನಲು ನನಗೆ ಅಷ್ಟು ಸಾಕು.

ಶಾಲೆಯ ಮಾತು ಬೇರೆ. ಅಲ್ಲಿ ಕೂದಲಿನ ಬಗ್ಗೆ ತಕರಾರು ಬಂದರೆ ಬರಹದಲ್ಲೇ ಕೇಳಿ. ಕೂದಲಿನ ಬಗೆ, ಶೈಲಿಯ ನೆಪದಲ್ಲಿ ತಾರತಮ್ಯ ಮಾಡುವುದನ್ನು ತಡೆಯುವ ಕ್ರೌನ್ ಕಾಯ್ದೆ 2019ರಲ್ಲಿ ಮೊದಲು ಕ್ಯಾಲಿಫೋರ್ನಿಯಾದಲ್ಲಿ, ಅದೇ ಡಿಸೆಂಬರಿನಲ್ಲಿ ನಿಮ್ಮ ನ್ಯೂಜೆರ್ಸಿಯಲ್ಲೂ ಬಂದಿದೆ. ಅಂಗಡಿಯಲ್ಲಿ ಅಂದವರಿಗೆ ಅದು ಅನ್ವಯಿಸದು. ಅವರಿಗೆ ‘ಭಾನುವಾರ ತೊಳೆದಿದ್ದೇವೆ, ಅವಳಿಗೆ ಹೀಗೇ ಇಷ್ಟ’ ಅಂದು ಮುಂದೆ ನಡೆಯಿರಿ.

ರಾತ್ರಿ ಮಲಗಿಸುವಾಗ ಸ್ಯಾಟಿನ್ ಟೋಪಿ ಹಾಕಿ. ಹತ್ತಿ ದಿಂಬು ತೇವ ಹೀರಿ ಎಳೆಗಳನ್ನು ಉಜ್ಜುತ್ತದೆ. ನಾಲ್ಕು ವರ್ಷದವಳು ಟೋಪಿ ಕಿತ್ತೆಸೆಯುವುದು ಖಂಡಿತ, ಆದ್ದರಿಂದ ದಿಂಬಿಗೇ ನುಣುಪಾದ ಚೀಲ ಹೊಲಿಸಿ. ಹಳೆಯ ಮೈಸೂರು ಸಿಲ್ಕ್ ಸೀರೆಯ ಒಡಲಿನ ಬಟ್ಟೆಯೂ ಆಗುತ್ತದೆ. ಜರಿ ಅಂಚು ಬೇಡ, ಅದಕ್ಕೆ ಕೂದಲು ಸಿಕ್ಕಿಕೊಳ್ಳುತ್ತದೆ.